ಮೊದಲು ಕಾಲು, ಆಮೇಲೆ ಗಾಲಿ

ದೇವಿಂದ್ರಪ್ಪನವರು ನಡೆದು ಬರುವುದನ್ನು ದೂರದಿಂದ ಕಂಡವರು, ಇವರು ನೀರಿನಲ್ಲಿ ನಡೆಯುತ್ತಿದ್ದಾರೆಂದೇ ತಿಳಿಯಬೇಕು. ಸೇಡಂನ ಡಾಂಬರು ರಸ್ತೆಯಿರಲಿ, ನಮ್ಮ ಮನೆಯ ಪರಸಿ ಕಲ್ಲು ಹಾಸಿದ ಪಡಸಾಲೆಯಿರಲಿ, ಅವರ ಹೆಬ್ಬೆರಳು ಮೊದಲು ನೆಲವನ್ನು ಮುಟ್ಟಿ ವಿಚಾರಿಸುತ್ತದೆ. ನೆಲ ಇದೆಯೆಂದು ಖಾತ್ರಿಯಾದ ಮೇಲೆಯೇ ಹಿಮ್ಮಡಿ ಬರುತ್ತದೆ. ಇಷ್ಟು ಅಂಜುವ ಮನುಷ್ಯ ಒಂದು ಹಳೆಯ ಜೀಪು ಇಟ್ಟುಕೊಂಡು, ಚಿಂಚೋಳಿ ಕಾಡಂಚಿನ ದಾರಿಯಿಲ್ಲದ ದಾರಿಗಳಲ್ಲಿ ಓಡಿಸಿ ಬದುಕುತ್ತಾರೆಂದರೆ ಹೊಸಬರು ನಗುತ್ತಾರೆ.

ಅವರು ಗುಂಡಗುರ್ತಿ ಎಂಬ ಊರಿನ ಕಡೆಯವರು. ಕಲ್ಲುಗಣಿಯೊಂದರ ಹರಾಜಿನಲ್ಲಿ ಕೊಂಡ ಜೀಪು. ಅದರಲ್ಲಿ ದವಾಖಾನೆಯ ಸಿಬ್ಬಂದಿಯನ್ನು ಲಂಬಾಣಿ ತಾಂಡಾಗಳಿಗೆ ಕರೆದೊಯ್ಯುತ್ತಾರೆ. ನನ್ನ ಮಗಳು ಪ್ರಮಿತಾ ಆ ದವಾಖಾನೆಯಲ್ಲಿ ನರ್ಸ್. ಮಳೆಗಾಲದ ಸಂಜೆಗಳಲ್ಲಿ ನಾನು ಸಹಸ್ರನಾಮ ಹೇಳುತ್ತ ಕೂರುತ್ತೇನೆ. ಬಾಯಿ ದೇವರ ಹೆಸರಿನಲ್ಲಿ, ಕಿವಿ ಆ ಜೀಪಿನ ಸದ್ದಿನಲ್ಲಿ. ದೇವರು ಇದಕ್ಕೆ ಬೇಸರಿಸಲಾರನೆಂದು ನಂಬಿದ್ದೇನೆ.

ಆ ಹಳೆಯ ಗಾಡಿಯಲ್ಲಿ ನಾಲ್ಕೂ ಗಾಲಿಗಳು ಕೂಡಿ ಎಳೆಯಬೇಕೆಂದರೆ ಓಡಿಸುವವರು ಕೆಳಗಿಳಿದು, ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ ಬಿಲ್ಲೆಯನ್ನು ಕೈಯಿಂದ ತಿರುವಬೇಕು. ಎರೆಮಣ್ಣಿನಲ್ಲಿ ಸಿಕ್ಕಿಬಿದ್ದ ಮೇಲೆ ಇಳಿದರೆ ಬಿಲ್ಲೆಯೂ ಕೆಸರೊಳಗೆ ಹೂತಿರುತ್ತದೆ. ಆದ್ದರಿಂದ ದೇವಿಂದ್ರಪ್ಪನವರು ಒಣ ನೆಲ ಮುಗಿಯುವ ಮೊದಲೇ ಇಳಿಯುತ್ತಾರೆ, ಎರಡೂ ಬದಿ ತಿರುವುತ್ತಾರೆ, ಹತ್ತಿ ಕೂತು, ಮತ್ತೆ ಇಳಿದು ತಿರುವಿದ್ದು ಖರೆಯೇ ಎಂದು ನೋಡಿ ಬರುತ್ತಾರೆ. ಜಾಕ್ ಮಣ್ಣಿನಲ್ಲಿ ಇಳಿದುಹೋಗದಂತೆ ಅದರಡಿ ಇಡಲು ಸೀಟಿನ ಕೆಳಗೆ ಶಹಾಬಾದ ಪರಸಿಯ ತುಂಡುಗಳು. ಖಾಕಿ ಕೋಟಿನ ಒಂದು ಜೇಬಿನಲ್ಲಿ ನಟ್ಟು ಬಿಗಿಯುವ ಪಾನಾ, ತಂತಿ, ಗ್ರೀಸಿನ ಡಬ್ಬಿ, ಇನ್ನೊಂದರಲ್ಲಿ ವಿಭೂತಿಗಟ್ಟಿ. ಒಮ್ಮೆ ಜೇಬು ಅದಲುಬದಲಾಗಿ, ಹಣೆಗೆ ಗ್ರೀಸಿನ ಕರಿಗೆರೆ ಎಳೆದುಕೊಂಡೇ ನಮ್ಮ ಮನೆಗೆ ಬಂದಿದ್ದರು. ಹಳ್ಳ ದಾಟಿ ಬಂದ ಪ್ರತಿ ಸಲ ಗಾಡಿಯಡಿ ಅಂಗಾತ ಮಲಗಿ, ಬೋಲ್ಟು ಸಡಿಲಿಸಿ, ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿಯುವರು. ಒಳಗೆ ನೀರು ಸೇರಿದ್ದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದಂತೆ.

ವಾಡಿಯ ಗಾಡಿ ಮೇಸ್ತ್ರಿ ಖಾಜಾಮಿಯಾ ದೇವಿಂದ್ರಪ್ಪನವರನ್ನು ಕಂಡರೆ ಕೈ ಮುಗಿಯುತ್ತಾನೆ. "ಗೌಡ್ರ, ಗಾಡಿ ತಂದುರುಸ್ತ ಅದ, ಏನೂ ಆಗಿಲ್ಲ. ನಿಮ್ಮ ಅಂಜಿಕಿನೇ ಬಿಚ್ಚಿ ಸರ್ವಿಸ್ ಮಾಡಬೇಕಾಗ್ಯದ."

"ಅದನ್ನ ಮಾತ್ರ ಮುಟ್ಟಬ್ಯಾಡಪ್ಪ. ಗಾಡಿ ಅದರ ಮ್ಯಾಲೇ ಓಡ್ತದ."

ಅಂಜಿಕೆ ಹುಟ್ಟಿನಿಂದ ಬಂದದ್ದಲ್ಲ. ಜೀಪು ಕೊಂಡ ಹೊಸದರಲ್ಲಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕು ಗಾಲಿಗಳ ಗರ್ವದಲ್ಲಿ ತುಂಬಿದ ಹಳ್ಳಕ್ಕೆ ಇಳಿದಿದ್ದರಂತೆ. ನಡುನೀರಿನಲ್ಲಿ ಜೀಪು ಒಂದು ಗಳಿಗೆ ತೇಲಿ, ಮುಖ ತಿರುಗಿಸಿ, ಮತ್ತೆ ನೆಲ ಕಚ್ಚಿತು. ಯಾರಿಗೂ ಏನೂ ಆಗಲಿಲ್ಲ. "ನಾಲ್ಕೂ ಗಾಲಿ ತಿರುಗಲಿಕತ್ತಿದ್ವು ಅಕ್ಕಾರ, ಖರೇ. ನೆಲಾನೇ ಇರಲಿಲ್ಲ," ಎನ್ನುತ್ತಾರೆ ನನಗೆ. ಅಂದಿನಿಂದ ನೀರು ಕಂಡರೆ ಮೊದಲು ಕಾಲು, ಆಮೇಲೆ ಗಾಲಿ.

ಹೋದ ಶ್ರಾವಣದಲ್ಲಿ ಮಗಳ ಕೆಲಸ ನೋಡುವ ಆಸೆಯಿಂದ ನಾನೂ ಅವರ ಜೀಪಿನಲ್ಲಿ ಹೋಗಿದ್ದೆ. ಹಿಂದಿರುಗುವಾಗ ದಾರಿಯ ಬದಿಯಲ್ಲಿ ಮಾಸುಮಬಿ ಎಂಬ ಮುದುಕಿ ಮೊಮ್ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೈ ಅಡ್ಡ ಹಿಡಿದಳು. ಕೂಸಿಗೆ ಜ್ವರ, ಒಮ್ಮೆ ಸೆಳೆತವೂ ಬಂದು ಹೋಗಿತ್ತು. ಚಿಂಚೋಳಿ ದವಾಖಾನೆ ಸೇರಬೇಕಿತ್ತು. ಸ್ವಲ್ಪ ಮುಂದೆ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು.

ದೇವಿಂದ್ರಪ್ಪನವರು ಇಳಿದು, ಧೋತರ ಎತ್ತಿ ಕಟ್ಟಿ, ಕೊರಳ ಲಿಂಗವನ್ನು ಅಂಗಿಯೊಳಗೆ ಸೇರಿಸಿ, ಕೋಲು ಹಿಡಿದು ನೀರಿಗೆ ಕಾಲಿಟ್ಟರು. ತೊಡೆಯ ಮಟ್ಟಕ್ಕೆ ಹೋಗಿ ನಿಂತರು. ತಿರುಗಿ ಬಂದರು.

"ನಡುವ ಕೋಲಿಗಿ ರಸ್ತಾ ಸಿಗವಲ್ದು."

ಅಷ್ಟರಲ್ಲಿ ಹಿಂದಿನಿಂದ ಬಂದ ಹೊಸ ದೊಡ್ಡ ಗಾಡಿಯೊಂದು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿತು. ಕಿಟಕಿಯಿಂದ ಯಾರೋ, "ಮುತ್ಯಾ, ಜೀಪ ಮಾರಿ ಎತ್ತು ತಗೋ!" ಎಂದರು. ಅದು ನೀರು ಸೀಳಿಕೊಂಡು ಹೋಗಿ ಆಚೆ ದಡ ಹತ್ತಿ ಮರೆಯಾಯಿತು.

"ಕಾಕಾ, ಅವರು ದಾಟಿದ್ರಲ್ಲ!" ಪ್ರಮಿತಾಳ ಧ್ವನಿ ಏರಿತು. "ಕೂಸಿನ ಮೈ ಸುಡ್ಲಿಕತ್ತದ. ನಾಲ್ಕು ಗಾಲಿ ಯಾತಕ್ಕ ಅದಾವ ನಿಮಗ?"

"ದಾಟಿದ್ರವ್ವ. ನಾನೂ ದಾಟತಿದ್ದೆನೇನೋ. ದಾಟಬಹುದು ಅನ್ನೂದರ ಮ್ಯಾಲ ಮಂದಿ ಕೂಸಿನ್ನ ಹ್ಯಾಂಗ ಕುಂದ್ರಸ್ಲಿ?"

ಜೀಪು ಹಿಂದಕ್ಕೆ ತಿರುಗಿತು. ಕೆಂಪು ಕಲ್ಲಿನ ಗುಡ್ಡದ ಮೇಲಿನ ಸುತ್ತುದಾರಿ; ಹಳ್ಳದ ಮೂಲವನ್ನೇ ಸುತ್ತಿಬಳಸಿ ಹೋಗುತ್ತದೆ. ಗುಡ್ಡದ ಬುಡದಲ್ಲಿ ನಿಲ್ಲಿಸಿ, ಇಳಿದು, ಬಿಲ್ಲೆಗಳನ್ನು ತಿರುವಿ, ಎಂದಿನಂತೆ ಎರಡನೆಯ ಸಲವೂ ಇಳಿದು ನೋಡಿದರು. ನನಗೆ ಒಳಗೇ ಸಿಟ್ಟು ಬಂದಿತ್ತು. ಪ್ರಮಿತಾ ಕೂಸಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮಾಸುಮಬಿ ಒಂದೇ ಮಾತು ಕೇಳುತ್ತಿದ್ದಳು: "ಇನ್ನಾ ಎಷ್ಟ ಅದಪ್ಪಾ?" ಬಂತು, ಇಲ್ಲೇ ಎಂದು ಹೇಳಿ ಸಮಾಧಾನ ಮಾಡುವವರಲ್ಲ ದೇವಿಂದ್ರಪ್ಪನವರು. ಪ್ರತಿ ಸಲವೂ, "ಇನ್ನಾ ಭಾಳ ಅದವ್ವ," ಎಂದರು. ಏರಿನ ನಡುವೆ ಕೂಸಿನ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಪ್ರಮಿತಾ ಅದನ್ನು ಮಗ್ಗುಲಾಗಿ ಮಲಗಿಸಿದಳು. ಮನಸ್ಸಿನಲ್ಲೇ ಸಹಸ್ರನಾಮ ಹೇಳುತ್ತಿದ್ದ ನಾನು ಯಾವ ನಾಮದಲ್ಲಿದ್ದೆನೋ ಮರೆತೆ. ಗಾಲಿಗಳು ಜಾರಿ, ಹಿಡಿದು, ಮತ್ತೆ ಜಾರಿದವು. ದೇವಿಂದ್ರಪ್ಪನವರ ಕೈ ಮಾತ್ರ ಸ್ಟೇರಿಂಗ್ ಚಕ್ರದ ಮೇಲೆ ಅಲುಗಲಿಲ್ಲ.

ದವಾಖಾನೆ ಮುಟ್ಟಿದಾಗ ಡಾಕ್ಟರು ಕೂಸನ್ನು ಒಳಗೆ ಒಯ್ಯುತ್ತಲೇ ಬೈದರು: "ಇಷ್ಟೊತ್ತು ಏನ್ ಮಾಡ್ಲಿಕತ್ತಿದ್ರಿ?" ದೇವಿಂದ್ರಪ್ಪನವರು ಹಳ್ಳದ ಮಾತೆತ್ತಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜ್ವರ ಇಳಿದು ಕೂಸು ಅತ್ತಿತು. ಮಾಸುಮಬಿ ಹೊರಗೆ ಬಂದು ಅವರೆದುರು ನಿಂತು, "ತಡಾ ಆದ್ರೂ ಬಂದೀವಲ್ಲಪ್ಪ," ಎಂದಳು. ಆಗ ಅವರು ವಿಭೂತಿಗೆಂದು ಕೋಟಿನ ಜೇಬಿಗೆ ಕೈ ಹಾಕಿದರು. ಕೈಗೆ ಬಂದದ್ದು ಗ್ರೀಸಿನ ಡಬ್ಬಿ.

ಮರುದಿನ ಮುಂಜಾನೆ ಜೀಪಿನಡಿಯಿಂದ ಅವರ ಕಾಲುಗಳಷ್ಟೇ ಕಾಣುತ್ತಿದ್ದವು. ಎಣ್ಣೆ ನೋಡುತ್ತಿದ್ದರು.

"ಜೀಪು ನೀರಿಗೇ ಇಳಿದಿಲ್ಲವಲ್ಲ, ದೇವಿಂದ್ರಪ್ಪನವರೇ?" ಎಂದೆ.

"ಇಳಿದಿಲ್ಲಂತ ನಮಗ ಗೊತ್ತದ ಅಕ್ಕಾರ. ಎಣ್ಣಿಗೂ ಒಂದ್ ಮಾತು ಕೇಳಿದ್ರ ನಿದ್ದಿ ಬರ್ತದ."

ಆ ದಿನ ಅವರು ಮಾಡಿದ್ದು ಸರಿಯೇ ಎಂದು ನನಗೆ ಇಂದಿಗೂ ತಿಳಿಯದು. ದಾಟಿದ ಗಾಡಿ ದಾಟಿಯೇ ಹೋಗಿತ್ತು. ಆದರೆ ಒಂದು ಮಾತು ಹೊಳೆದಿದೆ. ಧೈರ್ಯವಂತರು ಊರಿಗೊಂದು ಕಥೆ ಬಿಟ್ಟುಹೋಗುತ್ತಾರೆ. ಅಂಜುವವರ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಏನೂ ನಡೆದಿರುವುದಿಲ್ಲ: ಹೋದವರು ತಡವಾಗಿ ಬಂದಿರುತ್ತಾರೆ, ಬೈಸಿಕೊಂಡಿರುತ್ತಾರೆ, ಕಾಲು ತೊಳೆದು ಉಂಡು ಮಲಗಿರುತ್ತಾರೆ. ಏನೂ ನಡೆಯದಂಥ ಆ ಸಂಜೆಗಳನ್ನು ನಮಗೆ ದಿನದಿನವೂ ತಂದುಕೊಡುವವರು ಇಂಥವರೇ.