ಎರಡೇ ಮುಳ್ಳಿನ ವಾಚು

ನಾನು ಒಂದು ಕೈಗಡಿಯಾರ. ಗೋಲ ಅಲ್ಲ, ಉದ್ದಚೌಕ. ಹೆಬ್ಬೆರಳಿನ ಉಗುರಿಗಿಂತ ಒಂಚೂರು ದೊಡ್ಡ ಮುಖ, ಬೆಣ್ಣೆಯ ಬಣ್ಣ. ಅಂಕಿಗಳಿಲ್ಲ, ನಾಲ್ಕು ದಿಕ್ಕಿಗೆ ನಾಲ್ಕು ಬಂಗಾರದ ಗೀರು. ಬಂಗಾರವೆಂದರೆ ಬಣ್ಣ ಮಾತ್ರ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹುಟ್ಟಿದ್ದು ಮುಂಬಯಿಯ ಒಂದು ಗಲ್ಲಿಯ ಮೂರನೇ ಮಹಡಿಯಲ್ಲಿ. ಅಲ್ಲಿ ನಾಲ್ಕು ಜನ ಹೆಂಗಸರು ಉದ್ದನೆಯ ಮೇಜಿಗೆ ಬಾಗಿ ಕೂತು ನಮ್ಮನ್ನು ಜೋಡಿಸುತ್ತಿದ್ದರು. ಗಾಳಿಗೆ ಮುಳ್ಳುಗಳು ಹಾರಿಹೋಗುತ್ತವೆಂದು ಕಡುಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ. ಅವರ ಬೆವರಿನ ಒಂದು ಹನಿ ನನ್ನ ಗಾಜಿನ ಮೇಲೂ ಬಿದ್ದಿತ್ತು, ಒರೆಸಿದರು. ಗಂಟೆಯ ಮುಳ್ಳು ಕೂರಿಸಿದರು, ನಿಮಿಷದ ಮುಳ್ಳು ಕೂರಿಸಿದರು, ಮುಚ್ಚಳ ಒತ್ತಿಬಿಟ್ಟರು. ಸೆಕೆಂಡಿನ ಮುಳ್ಳು ನನಗೆ ಬರಲೇ ಇಲ್ಲ. ಅದನ್ನು ತಿರುಗಿಸುವ ಯಂತ್ರಕ್ಕೆ ಬೆಲೆ ಜಾಸ್ತಿಯಂತೆ. ನಾನು ಅಗ್ಗವಾದದ್ದು ಹಾಗೆ.

ಅಲ್ಲಿಂದ ಬಂದದ್ದು ಬಾಗಲಕೋಟೆಗೆ, ಮೌಲಾಸಾಬರ ವಾಚಿನ ಅಂಗಡಿಗೆ. ಗಾಜಿನ ಪೆಟ್ಟಿಗೆಯಲ್ಲಿ ಏಳು ತಿಂಗಳು ಮಲಗಿದ್ದೆ. ಒಂದು ದಿನ ಅಕ್ಕತಂಗಿಯರಿಬ್ಬರು ಒಳಗೆ ಬಂದರು. ತಂಗಿ ದಾಕ್ಷಾಯಣಿ, ಹತ್ತು ಮೈಲಿ ದೂರದ ನೇಕಾರರ ಊರಿನಲ್ಲಿ ಸರ್ಕಾರದ ನರ್ಸು. ಅಕ್ಕ ಮಹಾನಂದಾ, ತಂಗಿಯ ಪ್ರತಿ ಕೆಲಸಕ್ಕೂ ಒಂದು ಮಾತು ಸೇರಿಸುವ ಜೀವ.

ದಾಕ್ಷಾಯಣಿಯ ಕೈಯಲ್ಲಿ ಅಣ್ಣನ ಹಳೆಯ ವಾಚಿತ್ತು. ಅಂಗೈ ಅಗಲದ ಗೋಲ ಮುಖ, ಪಟ್ಟಿಗೆ ಮೊಳೆಯಿಂದ ಹೊಡೆದ ಹೆಚ್ಚಿನ ತೂತುಗಳು. ಒಂಬತ್ತು ವರ್ಷ ಅದನ್ನೇ ಕಟ್ಟಿಕೊಂಡು ಓಣಿಯ ಮಕ್ಕಳ ಬಾಯಲ್ಲಿ ‘ಕಂಡಕ್ಟರಬಾಯಿ’ ಆಗಿದ್ದಳು. ನೀರು ಹೊಕ್ಕು ಅದು ನಿಂತುಹೋಗಿತ್ತು. ಅವಳ ಮುಖದಲ್ಲಿ ಆ ಬಗ್ಗೆ ದುಃಖವೇನೂ ಕಾಣಲಿಲ್ಲ.

ಮೌಲಾಸಾಬರು ಮೂರು ವಾಚು ತೆಗೆದಿಟ್ಟರು. ಒಂದು ಗೋಲ ಮುಖದ್ದು, ಮೂರು ಮುಳ್ಳು. ಇನ್ನೊಂದು ನನ್ನ ಹಾಗೆಯೇ ಉದ್ದಚೌಕ, ಮೂರು ಮುಳ್ಳು, ದೊಡ್ಡ ಕಂಪನಿಯದು. ಅದರ ಬೆಲೆ ಕೇಳಿ ಮಹಾನಂದಾ ಅದನ್ನು ಬೆರಳ ತುದಿಯಿಂದ ಅತ್ತ ಸರಿಸಿದಳು. ಮೂರನೆಯದು ನಾನು.

“ಗೋಲಂದು ತಗೊ. ನಿನ್ನ ಕೆಲಸಕ್ಕ ಅದ ಚಲೋ” ಎಂದಳು ಮಹಾನಂದಾ.

“ಒಂಬತ್ತು ವರ್ಷ ಊಟದ ತಾಟು ಕಟ್ಟಿಕೊಂಡು ಅಡ್ಡಾಡೇನಿ ಅಕ್ಕಾ. ಸಾಕು.”

ದಾಕ್ಷಾಯಣಿ ನನ್ನನ್ನು ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಕೈಯನ್ನು ಹಿಂದೆ ಮುಂದೆ ತಿರುಗಿಸಿದಳು. ಆಗ ನನ್ನ ಬೆನ್ನಿಗೆ ಮೊದಲ ಸಲ ಒಂದು ನಾಡಿ ತಾಗಿತು.

“ಬಾಯಾರ, ಮದ್ಲ ಹೇಳಿಬಿಡ್ತೀನಿ” ಎಂದರು ಮೌಲಾಸಾಬರು. “ಇದಕ್ಕ ಸೆಕೆಂಡಿನ ಮುಳ್ಳಿಲ್ಲ. ನಾಳೆ ಬಂದು ಮೌಲಾಸಾಬ ಮೋಸ ಮಾಡಿದ ಅನಬ್ಯಾಡ್ರಿ.”

“ಕೇಳ್ದಿಲ್ಲೋ? ನಾಡಿ ಹ್ಯಾಂಗ ನೋಡ್ತಿ? ಕೂಸುಗಳ ಉಸರು ಹ್ಯಾಂಗ ಎಣಸ್ತಿ?” ಅಕ್ಕ ಕೇಳಿದಳು.

“ಅದಕ್ಕೊಂದು ಹಾದಿ ಹುಡುಕ್ತೀನಿ ಬಿಡು” ಎಂದು ದಾಕ್ಷಾಯಣಿ ಪಟ್ಟಿ ಬಿಗಿದಳು. ಆ ಹೊತ್ತಿನಲ್ಲಿ ನನ್ನಷ್ಟು ಹೆಮ್ಮೆಪಟ್ಟ ವಾಚು ಜಿಲ್ಲೆಯಲ್ಲಿ ಇದ್ದಿರಲಿಕ್ಕಿಲ್ಲ. ಎಲ್ಲ ಗೊತ್ತಿದ್ದೂ ಒಬ್ಬಳು ನನ್ನನ್ನೇ ಬೇಕು ಅಂದಿದ್ದಳು.

ಅವಳು ಹಾದಿ ಹುಡುಕಿದಳು ಕೂಡ.

ನೇಕಾರರ ಓಣಿಯಲ್ಲಿ ಬಾಡಿಗೆಯ ಒಂದು ಕೋಣೆಯೇ ಅವಳ ದವಾಖಾನೆ. ಗೋಡೆಯ ಆಚೆ ಗುರುಸಂಗಪ್ಪನ ಮಗ್ಗ. ಕುಪ್ಪಸದ ಖಣ ನೇಯುವವನು, ಅರವತ್ತರ ಹತ್ತಿರದವನು, ಅವಸರ ಎಂಬುದೇ ಇಲ್ಲದ ಕೈ. ಮುಂಜಾನೆ ಕೂತನೆಂದರೆ ಖಟ್, ಖಟ್, ಖಟ್, ಒಂದೇ ಲಯ. ದಾಕ್ಷಾಯಣಿ ಆ ಸದ್ದಿಗೆ ಕಿವಿಗೊಟ್ಟು, ನನ್ನ ನಿಮಿಷದ ಮುಳ್ಳು ಒಂದು ಗೀರಿನಿಂದ ಮುಂದಿನ ಗೀರಿಗೆ ಹೋಗುವ ತನಕ ಪೆಟ್ಟುಗಳನ್ನು ಎಣಿಸಿದಳು. ಕಾಲು ತಾಸಿಗೆ ಆರುನೂರು. ಮರುದಿನವೂ ಆರುನೂರು. ಮೂರನೆಯ ದಿನ ಆರುನೂರಾ ನಾಲ್ಕು. ಹಾಗಾದರೆ ನಿಮಿಷಕ್ಕೆ ನಲವತ್ತು.

ಅಂದಿನಿಂದ ಗುರುಸಂಗಪ್ಪನ ಮಗ್ಗವೇ ನನ್ನ ಮೂರನೇ ಮುಳ್ಳಾಯಿತು. ಕೂಸಿನ ಹೊಟ್ಟೆ ಏರಿಳಿಯುವುದನ್ನು ಕಣ್ಣು ಎಣಿಸುತ್ತಿತ್ತು, ಮಗ್ಗದ ಪೆಟ್ಟನ್ನು ಮಡಿಚುವ ಬೆರಳು ಎಣಿಸುತ್ತಿತ್ತು. ನಲವತ್ತು ಪೆಟ್ಟು ಮುಗಿದರೆ ಒಂದು ನಿಮಿಷ. ಎರಡೂ ಎಣಿಕೆಯನ್ನು ಒಟ್ಟಿಗೆ ಹಿಡಿಯುವುದು ಸುಲಭವಲ್ಲ, ಅವಳಿಗೆ ಅದು ಒಗ್ಗಿಹೋಯಿತು.

ನೇಕಾರರು ಅಮಾವಾಸ್ಯೆಗೆ ಮಗ್ಗ ಹೂಡುವುದಿಲ್ಲ. ಆ ದಿನ ಯಾರಾದರೂ ಕೆಮ್ಮುವ ಕೂಸನ್ನು ತಂದರೆ ದಾಕ್ಷಾಯಣಿ ಅಂದಾಜಿನ ಗೋಜಿಗೆ ಹೋಗದೆ ಸೀದಾ ದೊಡ್ಡ ದವಾಖಾನೆಗೆ ಚೀಟಿ ಬರೆಯುತ್ತಿದ್ದಳು. “ಸಿಸ್ಟರಬಾಯಿ ಅಮಾಸಿ ದಿನ ಎದಿ ಮುಟ್ಟೂದಿಲ್ಲ, ಭಾಳ ಆಚಾರದಾಕಿ” ಎಂದು ಓಣಿ ಮಾತಾಡಿಕೊಂಡಿತು. ಅವಳು ನಕ್ಕು ಸುಮ್ಮನಾದಳು. ನಿಜ ಹೇಳುವುದಕ್ಕಿಂತ ಅದೇ ಮೇಲು ಅನ್ನಿಸಿರಬೇಕು. ಎರಡು ವರ್ಷ ಹೀಗೆ ನಡೆಯಿತು, ಒಂದೂ ತಪ್ಪಲಿಲ್ಲ. ತಪ್ಪದೇ ಇದ್ದದ್ದೇ ಕೆಟ್ಟದ್ದಾಯಿತು ಎಂದು ಈಗ ಅನ್ನಿಸುತ್ತದೆ.

ಆ ಸೋಮವಾರ ಲಸಿಕೆಯ ದಿನ, ಕೋಣೆಯ ತುಂಬ ಅಳು. ಇಟ್ಟಂಗಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಲಿಗೆವ್ವ ಐದು ತಿಂಗಳ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಊರ ಹೊರಗಿನಿಂದ ನಡೆದು ಬಂದಿದ್ದಳು. ಕೂಸಿಗೆ ಜ್ವರ, ಕೆಮ್ಮು. ಆ ವಯಸ್ಸಿನ ಕೂಸು ನಿಮಿಷಕ್ಕೆ ಐವತ್ತು ಸಲ ಅಥವಾ ಹೆಚ್ಚು ಉಸಿರಾಡಿದರೆ ಎದೆಯೊಳಗೆ ಕೆಟ್ಟಿದೆ ಎಂದು ಲೆಕ್ಕ, ಕೂಡಲೇ ದೊಡ್ಡ ದವಾಖಾನೆಗೆ ಕಳಿಸಬೇಕು. ದಾಕ್ಷಾಯಣಿ ಅಂಗಿ ಎತ್ತಿ ಎಣಿಸಿದಳು. ಗೋಡೆಯಾಚೆ ನಲವತ್ತು ಪೆಟ್ಟು ಮುಗಿದಾಗ ಉಸಿರು ನಲವತ್ತೇಳು.

ನಿಮಿಷ ಮುಗಿದಿರಲಿಲ್ಲ. ನನಗೆ ಗೊತ್ತಿತ್ತು. ಇನ್ನೂ ಹದಿನಾಲ್ಕು ಸೆಕೆಂಡು ಬಾಕಿ ಇದ್ದವು. ಸೆಕೆಂಡು ತೋರಿಸಲು ಮುಳ್ಳಿಲ್ಲ ಎಂದ ಮಾತ್ರಕ್ಕೆ ಒಳಗೆ ಸೆಕೆಂಡು ಓಡುವುದಿಲ್ಲ ಎಂದಲ್ಲ. ಅವಳು ನನ್ನತ್ತ ನೋಡಲಿಲ್ಲ, ನೋಡಿದ್ದರೂ ಕಾಣುತ್ತಿರಲಿಲ್ಲ.

“ಎದಿ ಹಸನೈತಿ. ಈ ಔಷಧ ಮೂರು ಹೊತ್ತು ಹಾಕು. ಎದಿ ಹಾಲು ಬಿಡಿಸಬ್ಯಾಡ” ಎಂದಳು.

ಹುಲಿಗೆವ್ವ ಏಳಲಿಲ್ಲ. ಕೂಸನ್ನು ನೋಡಿದಳು, ಸಿಸ್ಟರನ್ನು ನೋಡಿದಳು.

“ಹಸನೈತೇನ್ರಿ?”

“ಎಣಿಸೇನಲ್ಲ ಯವ್ವಾ. ಹೋಗು.”

ಹೋದಳು.

ಮರುದಿನ ಮುಂಜಾನೆ ಗುರುಸಂಗಪ್ಪ ಕುಂಟುತ್ತಾ ಬಂದ. ಅಂಗಾಲಿಗೆ ಕುರು ಎದ್ದಿತ್ತು. ಅದನ್ನು ತೊಳೆದು ಪಟ್ಟಿ ಕಟ್ಟಿಸಿಕೊಳ್ಳುತ್ತಾ ಅವನ ಬಾಯಿ ಸುಮ್ಮನಿರಲಿಲ್ಲ.

“ಎರಡು ದಿನಾತ್ರಿ ಸಿಸ್ಟರ್, ಮಗ್ಗದ ಕುಣ್ಯಾಗ ಕಾಲಿಳಿಬಿಟ್ಟು ತುಳ್ಯಾಕ ಆಗವಲ್ದು. ನನ್ನ ಸೊಸಿ ಕುಂತಾಳ ಮಗ್ಗಕ್ಕ. ಏನ್ ಕೈ ಅಂತೀರಿ. ನಾ ಸಂಜಿತನ ನೇಯೂದನ್ನ ಮೂರು ಗಂಟೆಕ್ಕ ಮುಗಿಸಿ, ಮಾವಾರ ಮುಂದೇನ್ ಮಾಡ್ಲಿ ಅಂತಾಳ. ಇಷ್ಟು ದಿನ ನಾ ಮಗ್ಗದ ಮ್ಯಾಲೆ ನಿದ್ದಿ ಮಾಡ್ತಿದ್ನೇನೋ ಅಂತ ನನಗ ಸಂಶೆ ಬಂದೈತಿ.”

ದಾಕ್ಷಾಯಣಿಯ ಕೈ ಪಟ್ಟಿಯ ಮೇಲೆ ನಿಂತಿತು. ಗೋಡೆಯಾಚೆಯ ಸದ್ದಿಗೆ ಕಿವಿಗೊಟ್ಟಳು. ಖಟ್ಖಟ್ಖಟ್. ನಿನ್ನೆಯೂ ಇದೇ ಸದ್ದು. ನೂರು ಅಳುವಿನ ನಡುವೆ ಅದರ ವೇಗ ಅವಳ ಕಿವಿಗೆ ಬಿದ್ದಿರಲಿಲ್ಲ.

“ಯಾಕ್ರಿ ಸಿಸ್ಟರ್, ಕುರು ಭಾಳ ಕೆಟ್ಟದೈತೇನು?” ಗುರುಸಂಗಪ್ಪ ಹೆದರಿ ಕೇಳಿದ.

ಉತ್ತರ ಹೇಳಲು ಅವಳು ಅಲ್ಲಿರಲಿಲ್ಲ. ಚಪ್ಪಲಿ ಸಿಕ್ಕಿಸಿಕೊಂಡು ಓಣಿ ದಾಟಿ, ಹಳ್ಳ ದಾಟಿ ಭಟ್ಟಿಯ ದಾರಿ ಹಿಡಿದಿದ್ದಳು. ಬಿಸಿಲಿನಲ್ಲಿ ಓಡುವವಳ ಕೈಯಲ್ಲಿ ನಾನೂ ಓಡಿದೆ. ಭಟ್ಟಿಯ ಪಕ್ಕದ ತಗಡಿನ ಗುಡಿಸಲಿನಲ್ಲಿ ಹುಲಿಗೆವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸು ಅಳುತ್ತಿರಲಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಹೊಟ್ಟೆ ಗುಳಿ ಬೀಳುತ್ತಿತ್ತು. ಎಣಿಸುವ ಅಗತ್ಯ ಇರಲಿಲ್ಲ.

ಇಟ್ಟಂಗಿ ಹೇರಿದ್ದ ಟೆಂಪೊದಿಂದ ಅರ್ಧ ಇಟ್ಟಂಗಿ ಇಳಿಸಿ ಅದರಲ್ಲೇ ಬಾಗಲಕೋಟೆಗೆ ಹೊರಟರು.

ದೊಡ್ಡ ದವಾಖಾನೆಯ ಡಾಕ್ಟರು ಕೂಸಿಗೆ ಆಕ್ಸಿಜನ್ ಹಚ್ಚಿ, ಸೂಜಿ ಚುಚ್ಚಿ, ಆಮೇಲೆ ತಾಯಿಯ ಕಡೆ ತಿರುಗಿದರು.

“ಇಷ್ಟು ತಡಾ ಯಾಕ ಮಾಡಿದಿ? ಕೂಸಿನ ಉಸರು ಹಿಂಗ ಓಡೂದು ನಿನಗ ಕಾಣಲಿಲ್ಲೇನು? ಮನ್ಯಾಗ ಏನ್ ನೋಡಕೋತ ಕುಂತಿದ್ದಿ?”

ಹುಲಿಗೆವ್ವ ತಲೆ ತಗ್ಗಿಸಿದಳು. “ತಪ್ಪಾತ್ರಿ” ಎಂದಳು. ಪಕ್ಕದಲ್ಲೇ ನಿಂತಿದ್ದ ಸಿಸ್ಟರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ದಾಕ್ಷಾಯಣಿ ಸುಮ್ಮನೆ ನಿಂತಳು. ಹೊರಗಿನವರಿಗೆ ಸುಮ್ಮನೆ ಕಂಡಿರಬಹುದು. ನನ್ನ ಬೆನ್ನ ಕೆಳಗೆ ಅವಳ ನಾಡಿ ನಿಮಿಷಕ್ಕೆ ನೂರಹದಿನೆಂಟು ಹೊಡೆಯುತ್ತಿತ್ತು. ಅರ್ಧ ನಿಮಿಷ ಹೋಯಿತು. ಡಾಕ್ಟರು ಕಾಗದ ಬರೆದು ಮುಗಿಸುವವರಿದ್ದರು. ಇನ್ನು ಅವಳು ಮಾತಾಡುವುದಿಲ್ಲ ಎಂದುಕೊಂಡೆ.

“ನಿನ್ನೇನ ತಂದಿದ್ಲು ಸರ್” ಎಂದಳು. “ನಾ ವಾಪಸ್ ಕಳಿಸೀನಿ. ನಾ ತಪ್ಪ ಎಣಿಸೀನಿ.”

“ತಪ್ಪು ಅಂದ್ರ? ವಾಚ್ ಇಲ್ಲೇನು?”

ಅವಳು ಕೈ ಮುಂದೆ ಹಿಡಿದಳು. ಡಾಕ್ಟರು ನನ್ನನ್ನು ನೋಡಿದರು. ಮುಂಬಯಿಯ ಮೇಜಿನಿಂದ ಎದ್ದ ಮೇಲೆ ನನ್ನನ್ನು ಅಷ್ಟು ಹೊತ್ತು ದಿಟ್ಟಿಸಿದವರು ಯಾರೂ ಇರಲಿಲ್ಲ. ನನ್ನ ಬೆಣ್ಣೆಯ ಬಣ್ಣ, ನಾಲ್ಕು ಗೀರು, ಇದ್ದ ಚೆಲುವೆಲ್ಲ ಆ ಕಣ್ಣಿನ ಮುಂದೆ ಆಟದ ಸಾಮಾನಾಯಿತು. ಅವರು ಬೈಯಲಿಲ್ಲ. “ಆದದ್ದೆಲ್ಲಾ ಬರದು ಕೊಡ್ರಿ” ಎಂದಷ್ಟೇ ಹೇಳಿ ಹೋದರು.

ಕೂಸು ಉಳಿಯುತ್ತದೋ ಇಲ್ಲವೋ ಮೂರು ದಿನ ಯಾರೂ ಹೇಳಲಿಲ್ಲ. ದಾಕ್ಷಾಯಣಿ ರಜೆ ಹಾಕಿ ವರಾಂಡದಲ್ಲೇ ಕೂತಳು. ಮಹಾನಂದಾ ರೊಟ್ಟಿ ಕಟ್ಟಿ ತಂದು, ಒಂದು ಮಾತೂ ಸೇರಿಸದೆ ಇಟ್ಟು ಹೋದಳು. ನಾಲ್ಕನೆಯ ದಿನ ಕೂಸು ಮೊಲೆಗೆ ಬಾಯಿ ಹಾಕಿತು.

ಅಂದು ಸಂಜೆ ದಾಕ್ಷಾಯಣಿ ಹುಲಿಗೆವ್ವನ ಪಕ್ಕದಲ್ಲಿ ನೆಲಕ್ಕೆ ಕೂತು, ಮಗ್ಗದ ಸಂಗತಿ, ನನ್ನ ಸಂಗತಿ, ಎಲ್ಲವನ್ನೂ ಹೇಳಿದಳು. ಹುಲಿಗೆವ್ವ ಕೂಸಿನ ನೆತ್ತಿ ಸವರುತ್ತಾ ಕೇಳಿಸಿಕೊಂಡಳು. ಆಮೇಲೆ ಹೇಳಿದಳು.

“ನನಗ ಎಣಿಸಾಕ ಬರೂದಿಲ್ರಿ. ಆದ್ರ ಅವತ್ತ ಹಾದ್ಯಾಗ ಬರೂಮುಂದ ನಾ ಒಂದು ಉಸರು ತಗೊಳ್ಳೂದ್ರಾಗ ಇಕಿ ನಾಕು ತಗೊಂತಿದ್ಲು. ಎದಿಗಿ ಹಚಗೊಂಡಿದ್ನೆಲ್ರಿ, ಗೊತ್ತಾಕ್ಕಿತ್ತು. ಇದು ಸರಿ ಇಲ್ಲಾ ಅಂತ ನನಗ ಗೊತ್ತಿತ್ತು.”

“ಮತ್ಯಾಕ ಹೇಳಲಿಲ್ಲ?” ದಾಕ್ಷಾಯಣಿ ಕೇಳಿದಳು.

“ನೀವು ಎಣಿಸಿದ್ರೆಲ್ರಿ” ಎಂದಳು ಹುಲಿಗೆವ್ವ.

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ದಾಕ್ಷಾಯಣಿಗೆ ತಡೆದುಕೊಳ್ಳುವುದು ಹಗುರವಾಗುತ್ತಿತ್ತೇನೋ.

ಬರೆದುಕೊಟ್ಟದ್ದಕ್ಕೆ ಮೇಲಿನವರಿಂದ ಮೆಮೊ ಬಂತು, ವಿಚಾರಣೆ ಆಯಿತು. ಓಣಿಯಲ್ಲಿ ಮಾತು ಹಬ್ಬಿತು. ಗುರುಸಂಗಪ್ಪನ ಸೊಸೆ ಮಗ್ಗಕ್ಕೆ ಕೂರಲು ಹೆದರಿ ನಾಲ್ಕು ದಿನ ಅತ್ತಳು. ದಾಕ್ಷಾಯಣಿ ಅವರ ಮನೆಗೇ ಹೋಗಿ, ನಿನ್ನ ಕೈಯದು ಏನೂ ತಪ್ಪಿಲ್ಲ, ಕೂತು ನೇಯಿ ಎಂದು ಹೇಳಿ ಬಂದಳು. ಮುಂದಿನ ಸಂತೆಯ ದಿನ ಬಾಗಲಕೋಟೆಗೆ ಹೋಗಿ ಮೂರು ಮುಳ್ಳಿನ ಗೋಲ ವಾಚು ತಂದಳು. ಮೌಲಾಸಾಬರು ನನ್ನನ್ನು ಬದಲಿಗೆ ತೆಗೆದುಕೊಳ್ಳುತ್ತೇನೆ ಎಂದರೂ ಕೊಡಲಿಲ್ಲ. ಮೇಜಿನ ಖಾನೆಯಲ್ಲಿ ಹತ್ತಿಯ ಸುರುಳಿಗಳ ಪಕ್ಕ ನನ್ನನ್ನಿಟ್ಟಳು.

ಖಾನೆಯೊಳಗಿನಿಂದ ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಯಾವ ತಾಯಿ ಬರಲಿ, ಕೂಸಿನ ಅಂಗಿ ಎತ್ತುವ ಮೊದಲು ದಾಕ್ಷಾಯಣಿ ಕೇಳುತ್ತಿದ್ದಳು: “ನಿನಗ ಏನ ಅನಸತೈತಿ, ಹೇಳು.” ಹೆಚ್ಚಿನವರು ನಾಚಿಕೊಂಡು, “ನಮಗೇನ್ ತಿಳೀತೈತ್ರಿ” ಅನ್ನುತ್ತಿದ್ದರು. ಅವಳು ಬಿಡುತ್ತಿರಲಿಲ್ಲ. “ತಿಳಿದಷ್ಟು ಹೇಳು. ನಾ ಆಮ್ಯಾಲೆ ಎಣಿಸ್ತೀನಿ.” ಸರದಿ ನಿಂತವರು ಬೇಸರಪಡುತ್ತಿದ್ದರು, ಸಿಸ್ಟರಿಗೆ ಈಗೀಗ ಮಾತು ಹೆಚ್ಚಾಗೈತಿ ಎಂದು ಗೊಣಗುತ್ತಿದ್ದರು.

ಆಮೇಲಿನದು ದೊಡ್ಡ ಕತೆಯೇನಲ್ಲ. ದಾಕ್ಷಾಯಣಿ ನಿವೃತ್ತಳಾದಾಗ ಖಾನೆ ಖಾಲಿ ಮಾಡಿದರು. ಮಹಾನಂದಾಳ ಮಗಳು ನನಗೆ ಹೊಸ ಸೆಲ್ಲು ಹಾಕಿಸಿ ಎರಡು ವರ್ಷ ಕಾಲೇಜಿಗೆ ಕಟ್ಟಿಕೊಂಡು ಹೋದಳು, ಗೆಳತಿಯರು ನನ್ನನ್ನು ಚೆಂದ ಅಂದರು. ಮೊಬೈಲು ಬಂದ ಮೇಲೆ ಅವಳಿಗೂ ನಾನು ಬೇಡವಾದೆ. ಈಗ ಅವರ ಮನೆಯ ಹೊಲಿಗೆ ಯಂತ್ರದ ಖಾನೆಯಲ್ಲಿದ್ದೇನೆ, ಗುಂಡಿಗಳ ನಡುವೆ. ಸೆಲ್ಲು ಮುಗಿದು ನಿಂತಿದ್ದೇನೆ. ಗಾಜಿಗೆ ಸೀಳು ಬಿದ್ದಿದೆ.

ನಿಂತ ವಾಚಿಗೆ ಯೋಚನೆ ಬಿಟ್ಟರೆ ಕೆಲಸವಿಲ್ಲ. ಒಬ್ಬ ಹೆಂಗಸು ಒಂಬತ್ತು ವರ್ಷ ಅಣ್ಣನ ವಾಚು ಹೊತ್ತು, ಒಮ್ಮೆ ತನಗೆ ಚೆಂದ ಕಂಡದ್ದನ್ನು ಕೊಂಡಳು. ಅದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮನಸ್ಸು ಬಾರದ್ದರಿಂದಲೇ ಇಷ್ಟು ವರ್ಷ ಅದನ್ನು ತಿರುವಿ ಹಾಕುತ್ತಿದ್ದೇನೆ. ಆ ಸೋಮವಾರ ಆ ಕೋಣೆಯಲ್ಲಿ ನಿಮಿಷ ಮುಗಿದಿಲ್ಲ ಎಂದು ನನಗೆ ಗೊತ್ತಿತ್ತು. ಕೂಸಿನ ಉಸಿರು ಸರಿಯಿಲ್ಲ ಎಂದು ಹುಲಿಗೆವ್ವನಿಗೆ ಗೊತ್ತಿತ್ತು. ನಮ್ಮಿಬ್ಬರನ್ನೂ ಯಾರೂ ಕೇಳಲಿಲ್ಲ. ನನಗೆ ಬಾಯಿ ಇರಲಿಲ್ಲ. ಅವಳಿಗೆ ಇತ್ತು.