ಉತ್ತರದ ಕೋಣೆಗೆ ತಂಪು

"ಯಾವ ಮನುಷ್ಯ?" ಎಂದು ಕೇಳಿದಳು ನೊಬುಕೋ. ಹೆಚ್ಚುತ್ತಿದ್ದ ಸೌತೆಕಾಯಿ ಅರ್ಧಕ್ಕೇ ನಿಂತಿತ್ತು.

"ಯಾವ ಮನುಷ್ಯನಾದ್ರೂ. ಮಾತಿಗೆ ಹೇಳ್ದೆ ಕಣೇ," ಎಂದ ಕಿಯೋಹರು. ಕನ್ನಡಕ ಮೂಗಿನ ತುದಿಗಿತ್ತು, ಕಣ್ಣು ಮೇಜಿನ ಮೇಲೆ ಹರಡಿದ್ದ ಏರ್ ಕಂಡಿಷನರ್ ಜಾಹೀರಾತಿನ ಬಣ್ಣದ ಕಾಗದದ ಮೇಲಿತ್ತು. "ಮನುಷ್ಯ ಇರೋ ಕೋಣೆಗೆ ಮಾತ್ರ ತಂಪು. ಅದೇ ಇದರ ಲಾಭ. ಕೆರೆ ಪಕ್ಕದ ಹೊಸ ಮನೆಗಳನ್ನ ನೋಡು, ಅಟ್ಟದ ತುಂಬ ಕೊಳವೆ ಎಳೆದು ಇಡೀ ಮನೆಗೆ ಗಾಳಿ ಬಿಡ್ತಾರೆ. ಯಾರೂ ಇಲ್ಲದ ಕೋಣೆಗೂ ತಂಪು. ಅರ್ಧ ತಂಪು ಕೊಳವೆಯಲ್ಲೇ ಸೋರಿಹೋಗುತ್ತೆ, ಒಳಗೆ ಧೂಳು, ಬೂಷ್ಟು. ಇದಕ್ಕೆ ಕೊಳವೆ ಬೇಡ. ಉತ್ತರದ ಕೋಣೆ ಗೋಡೆಗೆ ಮುಷ್ಟಿಯಷ್ಟು ತೂತು, ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ. ಅರ್ಧ ದಿನದ ಕೆಲಸ. ಸದ್ದೂ ಇಲ್ಲ. ಚಳಿಗಾಲದಲ್ಲಿ ಅದೇ ಬಿಸಿಗಾಳಿ ಕೊಡುತ್ತೆ, ಸೀಮೆಎಣ್ಣೆ ಹೊತ್ಕೊಂಡು ಬರೋದು ತಪ್ಪುತ್ತೆ."

ನೊಬುಕೋ ಚಾಕುವನ್ನು ಕೆಳಗಿಟ್ಟಳು. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಸೋಯಾ ಸಾಸಿನ ಬಾಟಲಿ ಬೇಕಾದರೆ ಗದ್ದದಿಂದ ತೋರಿಸುವ ಗಂಡ ಒಂದೇ ಉಸಿರಿಗೆ ಇಷ್ಟು ವಾಕ್ಯ ಆಡಿದ್ದನ್ನು ಅವಳು ಕೇಳಿರಲಿಲ್ಲ. ಹೆಂಚಿನ ಕಾರ್ಖಾನೆಯಿಂದ ನಿವೃತ್ತನಾದ ದಿನ ಹಾರ ಹಾಕಿಸಿಕೊಂಡು ನಿಂತವನು ಕೂಡ 'ಸರಿ' ಎಂದಷ್ಟೇ ಹೇಳಿ ಕೂತಿದ್ದ.

"ಉತ್ತರದ ಕೋಣೆಯಲ್ಲಿ ಯಾರಿದ್ದಾರೆ ರೀ?"

"ಈಗ ಯಾರೂ ಇಲ್ಲ."

ಅವನು ಕಾಗದವನ್ನು ಮಡಿಸಿದ. ಆ 'ಈಗ' ಮಾತ್ರ ಮಡಿಸದೆ ಮೇಜಿನ ಮೇಲೆಯೇ ಉಳಿದಂತಾಯಿತು.

ಉತ್ತರದ ಕೋಣೆಯಲ್ಲಿ ಕಿಯೋಹರುವಿನ ತಾಯಿ ಒಂಬತ್ತು ವರ್ಷ ಮಲಗಿದ್ದಳು. ಮಣ್ಣಿನ ಗೋಡೆ, ಒಂದೇ ಕಿಟಕಿ. ತಾಜಿಮಿಯಲ್ಲಿ ಜುಲೈ ಬಂತೆಂದರೆ ಮೂವತ್ತೆಂಟು ಡಿಗ್ರಿ. ಬೆಟ್ಟಗಳ ನಡುವಿನ ಈ ಬೋಗುಣಿಯಂಥ ಊರಿನಿಂದ ಸೆಕೆ ಹೊರಗೆ ಹೋಗುವುದಕ್ಕೆ ದಾರಿ ಇಲ್ಲ. ಯಂತ್ರದ ಗಾಳಿ ಮೂಳೆಗೆ ಇಳಿಯುತ್ತದೆ ಎಂದು ಮುದುಕಿ ಬೀಸಣಿಗೆಯೊಂದನ್ನು ಬಿಟ್ಟು ಏನನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಬೀಸುವವಳು ನೊಬುಕೋ. ಮಗ್ಗುಲು ಹೊರಳಿಸುವವಳು, ಮೈ ಒರೆಸುವವಳು, ಗಂಜಿ ಕುಡಿಸುವವಳು ನೊಬುಕೋ. ಬೆವರಿಗೆ ದಿನಕ್ಕೆ ಮೂರು ಸಲ ತನ್ನ ಬಟ್ಟೆ ಬದಲಿಸುತ್ತಿದ್ದಳು. ಒಂದು ಆಗಸ್ಟಿನಲ್ಲಿ ಬಿಸಿನೀರಿನ ಬೋಗುಣಿ ಹಿಡಿದವಳು ಹಾಗೆಯೇ ಕುಸಿದಿದ್ದಳು; ಎಚ್ಚರವಾದಾಗ ಮುದುಕಿ, "ಚಾಪೆ ನೆನೆಸಿದ್ಯಲ್ಲೇ" ಎಂದಿದ್ದಳು.

ಮುದುಕಿ ಸತ್ತು ಎರಡು ವರ್ಷ. ಈಗ ಮಂಗಳವಾರ, ಶುಕ್ರವಾರ ನೊಬುಕೋ ಇಳಿಜಾರಿನ ಕೆಳಗಿರುವ ಕುಂಬಾರರ ಆವಗೆಗೆ ಹೋಗುತ್ತಾಳೆ. ಚಹಾದ ಬಟ್ಟಲುಗಳಿಗೆ ಹೊಳಪಿನ ಲೇಪ ಕೊಡುವ ಕೆಲಸ. ಅಲ್ಲಿನ ಒಂದು ಹಲಗೆಗೆ ಅವಳ ಹೆಸರು ಬರೆದ ಚೀಟಿ ಅಂಟಿಸಿದ್ದಾರೆ. ಆ ಎರಡು ದಿನಗಳನ್ನು ಅವಳು ಯಾರಿಗೂ ಬಿಟ್ಟುಕೊಡುವವಳಲ್ಲ. ಆ ಕೋಣೆಯಲ್ಲಿ ಇನ್ನೊಬ್ಬರು ಮಲಗಿದರೆ ಮಂಗಳವಾರವೂ ಇಲ್ಲ, ಶುಕ್ರವಾರವೂ ಇಲ್ಲ.

ಇನ್ನೊಬ್ಬರು ಯಾರು ಎಂಬುದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಇಕುಯೋ. ಕಿಯೋಹರುವಿನ ತಂಗಿ, ತೊಯೊಹಾಶಿಯಲ್ಲಿ ಒಬ್ಬಳೇ ಇರುವ ವಿಧವೆ. ವಸಂತದಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು.

ಇಪ್ಪತ್ತೇಳು ವರ್ಷದಿಂದ ಮಧ್ಯಬೇಸಿಗೆಯ ಉಡುಗೊರೆಯಾಗಿ ಇಕುಯೋ ಕಳಿಸುತ್ತಿದ್ದದ್ದು ಒಣ ಗೋಧಿ ಶಾವಿಗೆ. ಅದೇ ಅಂಗಡಿ, ಅದೇ ತೂಕ. ಇಲ್ಲಿಂದ ಹೋಗುತ್ತಿದ್ದದ್ದು ಹಸಿರು ಚಹಾದ ಡಬ್ಬಿ. ಎರಡೂ ಕಡೆ ಏರಿಲ್ಲ, ಇಳಿದಿಲ್ಲ. ಈ ವರ್ಷ ಬಂದದ್ದು ಮರದ ಪೆಟ್ಟಿಗೆ. ಒಳಗೆ ಮರದ ಹೊಟ್ಟಿನ ಮೇಲೆ ಕೂತ ಒಂದು ಕರಬೂಜ, ತೊಟ್ಟಿನ ಸಮೇತ, ಮೈಮೇಲಿನ ಬಲೆಯಲ್ಲಿ ಒಂದು ಗೆರೆಯೂ ತಪ್ಪದಂಥದ್ದು. ನೊಬುಕೋ ಅದನ್ನು ಮೂಸಿ ನೋಡಿದಳು. ಇಷ್ಟು ದುಬಾರಿ ಹಣ್ಣನ್ನು ಸುಮ್ಮನೆ ಯಾರೂ ಯಾರಿಗೂ ಕಳಿಸುವುದಿಲ್ಲ.

ಆಮೇಲೆ ಒಂದೊಂದೇ ಕಾಣತೊಡಗಿತು. ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ, ನಾಲ್ಕಾಗಿ ಮಡಿಸಿಟ್ಟ ಕರಪತ್ರ: ಬೆನ್ನಿನ ಭಾಗ ಮೇಲೇಳುವ ಮಂಚಗಳು, ತಿಂಗಳ ಬಾಡಿಗೆಗೆ. ಅವಳು ಒಳಗೆ ಬಂದೊಡನೆ ಕಿಯೋಹರು ಕೆಳಗಿಡುವ ಫೋನು. ಗುರುವಾರಗಳ ಗಾಲ್ಫ್ ಬೇರೆ, ಉದ್ಯಾನದಲ್ಲಿ ವಯಸ್ಸಾದವರು ಆಡುವಂಥದ್ದು.

"ಆಟ ಹೇಗಿತ್ತು?"

"ಚೆನ್ನಾಗಿತ್ತು."

"ಮಳೆ ಸುರೀತಲ್ಲ ಬೆಳಗ್ಗೆಯೆಲ್ಲ?"

"ಅಲ್ಲಿ ಬರ್ಲಿಲ್ಲ."

"ಒಂದು ಮೈಲಿ ಆಚೆ ಬರ್ಲಿಲ್ಲ. ಮೋಡಕ್ಕೂ ನಿಮ್ಮ ಕಂಡ್ರೆ ಗೌರವ ನೋಡಿ."

ಅವನು ನಗಲಿಲ್ಲ. ನೊಬುಕೋ ಬಾಗಿಲ ಬಳಿಯ ಬೂಟುಗಳನ್ನು ತಿರುಗಿಸಿ ನೋಡಿದಳು. ತಳಕ್ಕೆ ಒಂದು ಎಳೆ ಹುಲ್ಲೂ ಅಂಟಿರಲಿಲ್ಲ. ತೊಯೊಹಾಶಿಗೆ ರೈಲಿನಲ್ಲಿ ಹೋಗಿಬಂದರೆ ಬೂಟಿಗೆ ಹುಲ್ಲು ಅಂಟುವುದಿಲ್ಲ.

ಗುರುವಾರ ಅವಳು ಕರಬೂಜವನ್ನು ಅದೇ ಪೆಟ್ಟಿಗೆಗೆ ಹಾಕಿ, ಅದೇ ಕಾಗದ ಸುತ್ತಿ, ಅಂಗಡಿಯ ಪಾರ್ಸೆಲ್ ಕೌಂಟರಿಗೆ ಒಯ್ದಳು. ಕೌಂಟರಿನ ಹಿಂದಿನ ಹೆಂಗಸು, ಕಳಿಸಿದವರದೇ ಆಗಿದ್ದ ಆ ವಿಳಾಸವನ್ನು ಎರಡು ಸಲ ಓದಿದಳು. ಬಂದ ಉಡುಗೊರೆಯನ್ನು ಇನ್ನೊಬ್ಬರಿಗೆ ದಾಟಿಸಬಹುದು, ಕೊಳೆಯಲು ಬಿಡಬಹುದು. ಹಿಂದಕ್ಕೆ ಕಳಿಸುವುದೆಂದರೆ ಇನ್ನು ಮುಂದೆ ನಮಗೂ ನಿಮಗೂ ಏನಿಲ್ಲ ಎಂದು ಹೇಳಿದಂತೆ. ನೊಬುಕೋಗೆ ಅದು ಗೊತ್ತಿತ್ತು. ಒಳಗಿಟ್ಟ ಚೀಟಿಯಲ್ಲಿ 'ನಮ್ಮ ಯೋಗ್ಯತೆಗೆ ಮೀರಿದ್ದು' ಎಂದು ಆದಷ್ಟು ಅಂದವಾಗಿ ಬರೆದಿದ್ದಳು.

"ಹಣ್ಣೆಲ್ಲಿ?" ಎಂದು ರಾತ್ರಿ ಊಟಕ್ಕೆ ಕೂತಾಗ ಕಿಯೋಹರು ಕೇಳಿದ.

"ಮೆತ್ತಗಾಗಿತ್ತು. ಆವಗೆಯವರಿಗೆ ಕೊಟ್ಟೆ."

"ಹೌದಾ," ಎಂದ ಅವನು. ಗುರುವಾರ ಅವಳು ಆವಗೆಗೆ ಹೋಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಇಬ್ಬರೂ ಒಬ್ಬರ ಸುಳ್ಳಿಗೆ ಇನ್ನೊಬ್ಬರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಶನಿವಾರ ಬೆಳಿಗ್ಗೆ ಹಿಬಿನೋ ಬಂದ. ನಿಲ್ದಾಣದ ಬೀದಿಯಲ್ಲಿ ಅವನದು ಸಣ್ಣ ವಿದ್ಯುತ್ ಸಾಮಾನಿನ ಅಂಗಡಿ. ಈ ಮನೆಯ ಬಲ್ಬುಗಳನ್ನು ಮೂವತ್ತು ವರ್ಷದಿಂದ ಬದಲಿಸುತ್ತಿರುವವನು. ಕಿಯೋಹರು ಹಿಂದಿನ ದಿನವೇ ಮೂರೂ ಪಕ್ಕದ ಮನೆಗಳಿಗೆ ಹೊಸ ಟವೆಲ್ ಕೊಟ್ಟು, ಸದ್ದಾಗುತ್ತದೆ, ಸಹಿಸಿಕೊಳ್ಳಿ ಎಂದು ತಲೆ ಬಗ್ಗಿಸಿ ಹೇಳಿ ಬಂದಿದ್ದ. ಹೊರಗಿನ ಪೆಟ್ಟಿಗೆಯ ಬಿಸಿಗಾಳಿ ಯಾರ ಕಿಟಕಿಗೂ ಹೊಡೆಯಬಾರದೆಂದು ಜಾಗವನ್ನು ತಾನೇ ಸುಣ್ಣದಲ್ಲಿ ಗುರುತು ಮಾಡಿದ್ದ. ಇಷ್ಟು ಮುತುವರ್ಜಿ! ನೊಬುಕೋ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ತನ್ನ ಒಂಬತ್ತು ಬೇಸಿಗೆಗಳಲ್ಲಿ ಈ ಮುತುವರ್ಜಿ ಎಲ್ಲಿತ್ತು?

ಹಿಬಿನೋನ ಬೈರಿಗೆ ಗೋಡೆಯೊಳಗೆ ಇಳಿಯಿತು. ಕೆಂಪು ಮಣ್ಣು, ಬಿದಿರಿನ ಸೀಳು, ಅಜ್ಜನ ಕಾಲದ ಹುಲ್ಲು ಪುಡಿಪುಡಿಯಾಗಿ ಚಾಪೆಗೆ ಹಾಸಿದ ಬಟ್ಟೆಯ ಮೇಲೆ ಬಿತ್ತು.

"ನಿಮ್ಮತ್ತೆ ಇದ್ದಿದ್ರೆ ಅಮ್ಮಾವ್ರೇ, ಇದೇ ತೂತಿಂದ ನನ್ನ ಆಚೆಗೆ ಹಾಕ್ತಿದ್ರು," ಎಂದ ಹಿಬಿನೋ.

"ನಿಮ್ಮ ಹೊಟ್ಟೆ ಹಿಡಿಸ್ತಿರ್ಲಿಲ್ಲ ಬಿಡಿ. ಇನ್ನೊಂದು ತೂತು ಬೇಕಾಗ್ತಿತ್ತು."

"ಅದೂ ನಿಜವೇ. ಕೊಳವೆ ಹಾಕೋ ವ್ಯವಸ್ಥೆ ಬೇಕು ಅಂದಿದ್ರೆ ಈ ಮನೆ ಛಾವಣೀನೇ ಬಿಚ್ಚಬೇಕಿತ್ತು. ಯಜಮಾನ್ರು ಸರಿಯಾಗಿ ಯೋಚಿಸಿದಾರೆ. ಅಂಗಡಿಗೆ ನಾಲ್ಕು ಸಲ ಬಂದ್ರು ಗೊತ್ತಾ?"

"ನಾಲ್ಕು ಸಲ," ಎಂದಳು ನೊಬುಕೋ, ಗಂಡನ ಬೆನ್ನು ನೋಡುತ್ತ.

ಆಗ ಪಡಸಾಲೆಯ ಫೋನು ಹೊಡೆದುಕೊಂಡಿತು.

"ಅತ್ತಿಗೆ," ಎಂದಿತು ಇಕುಯೋಳ ದನಿ. "ಹಣ್ಣು ಕೆಟ್ಟುಹೋಗಿತ್ತಾ?"

ನೊಬುಕೋ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. ಒಳಗೆ ಬೈರಿಗೆ ಮತ್ತೆ ಶುರುವಾಗಿತ್ತು. ಯಾರಿಗೂ ಕೇಳಿಸುವ ಹಾಗಿರಲಿಲ್ಲ.

"ಹಣ್ಣು ಚೆನ್ನಾಗೇ ಇತ್ತು ಇಕುಯೋ. ಮನಸ್ಸಲ್ಲಿ ಒಂದಿಟ್ಕೊಂಡು ಆಡೋದು ನನಗೆ ಬರಲ್ಲ, ನೇರ ಹೇಳ್ತೀನಿ ಕೇಳು. ನಿಮ್ಮಮ್ಮನ್ನ ಒಂಬತ್ತು ವರ್ಷ ನೋಡ್ಕೊಂಡೆ. ಬಾಯಿ ಬಿಡಲಿಲ್ಲ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನೀನು ನಿಮ್ಮಣ್ಣನ ಹತ್ರ ಏನು ಮಾತಾಡ್ಕೊಂಡಿದ್ದೀಯೋ ಏನೋ, ನಾನು ನಿನ್ನನ್ನ ನೋಡ್ಕೊಳ್ಳೋಕಾಗಲ್ಲ."

"ನನ್ನನ್ನಾ?"

"ಮತ್ತ್ಯಾರನ್ನ? ಇಲ್ಲಿ ಗೋಡೆ ಕೊರೀತಿದ್ದಾರೆ ಕೇಳಿಸ್ತಾ? ಮಂಚಾನೂ ನೋಡಿಟ್ಟಿದ್ದಾರೆ."

ಇಕುಯೋ ತೀರ ಸಣ್ಣ ದನಿಯಲ್ಲಿ ಹೇಳಿದಳು: "ಅತ್ತಿಗೆ, ನಾನು ದಿನಾ ಸಮುದ್ರದ ದಂಡೆವರೆಗೂ ನಡ್ಕೊಂಡು ಹೋಗಿ ಬರ್ತೀನಿ. ಅಣ್ಣ ಇನ್ನೂ ನಿಮಗೆ ಹೇಳಿಲ್ವಾ?"

"ಏನನ್ನ?"

"ಅಯ್ಯೋ ಅಣ್ಣಾ," ಎಂದಳು ಇಕುಯೋ, ಅಲ್ಲಿಲ್ಲದವನಿಗೆ. "ಮೇ ತಿಂಗಳಲ್ಲಿ ಫೋನ್ ಮಾಡಿದ್ದ. ಅಪ್ಪನಿಗೆ ಕೈ ನಡುಗೋಕೆ ಶುರುವಾದಾಗ ವಯಸ್ಸೆಷ್ಟು, ನೆನಪಿದೆಯಾ ಅಂತ. ಆಸ್ಪತ್ರೆಯಲ್ಲಿ ಕೇಳಿದ್ರಂತೆ. ಗುರುವಾರ ಗುರುವಾರ ಹೋಗ್ತಿದ್ದಾನಲ್ಲ... ಅದೇ ಕಾಯಿಲೆ ಅತ್ತಿಗೆ. ಪಾರ್ಕಿನ್ಸನ್."

ನೊಬುಕೋ ಮಾವನನ್ನು ನೋಡಿರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅವನು ಎರಡೂ ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಸೇರಿಸಿಕೊಂಡು ಕೂತಿದ್ದ. ಕೊನೆಯ ನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮರದ ಹಾಗೆ ಬಿಗಿದುಕೊಂಡಿದ್ದನಂತೆ.

"ನನಗೆ ಯಾಕೆ ಹೇಳ್ಲಿಲ್ಲ?"

"ನಾನೂ ಬೈದೆ. 'ಅವಳು ನಗೋಕೆ ಶುರು ಮಾಡಿ ಎರಡೇ ವರ್ಷ ಆಗಿದೆ, ಈ ಬೇಸಿಗೆ ಒಂದು ಕಳೀಲಿ' ಅಂದ. ಹಣ್ಣು ನಿಮಗೆ ಅಂತಲೇ ಕಳಿಸಿದ್ದು. ಏನು ಬರೀಬೇಕೋ ಗೊತ್ತಾಗ್ಲಿಲ್ಲ, ಹಣ್ಣು ಕಳಿಸ್ದೆ. ಅಣ್ಣನಿಗೆ ನಾನು ಬಾಯಿಬಿಟ್ಟೆ ಅಂತ ಹೇಳ್ಬೇಡಿ. ಕೇಳಿಸ್ತಿದೆಯಾ ಅತ್ತಿಗೆ?"

"ಕೇಳಿಸ್ತಿದೆ."

"ಶನಿವಾರ ಭಾನುವಾರ ನಾನು ಬರ್ತೀನಿ. ಆಮೇಲೆ, ಬೇಕಾದಾಗ. ಬರ್ಲಾ?"

"ಆ ಹಣ್ಣನ್ನ ಕತ್ತರಿಸಿ ತಿನ್ನು ಇಕುಯೋ," ಎಂದಳು ನೊಬುಕೋ. "ಅದು ಎರಡು ಸಲ ಪ್ರಯಾಣ ಮಾಡಿದೆ. ಇನ್ನು ತಡೆಯಲ್ಲ."

ಫೋನಿಟ್ಟ ಮೇಲೂ ಅವಳು ಪಡಸಾಲೆಯಲ್ಲೇ ನಿಂತಿದ್ದಳು. ಇಷ್ಟು ದಿನ ಪತ್ತೇದಾರಿ ಮಾಡಿದವಳು. ಬೂಟಿನ ತಳ ನೋಡಿದವಳು. ಕೈ ನೋಡಿರಲಿಲ್ಲ. ಈಚೆಗೆ ಅವನು ಬಟ್ಟಲನ್ನು ಎಡಗೈಯಲ್ಲಿ ಎತ್ತುತ್ತಿದ್ದದ್ದು ಈಗ ಕಣ್ಣ ಮುಂದೆ ಬಂತು. ಜೊತೆಗೆ ಇನ್ನೊಂದೂ ಬಂತು: ತಾನು ಹೆದರಿದ್ದು ಸುಳ್ಳಾಗಿರಲಿಲ್ಲ. ಆ ಕೋಣೆಯಲ್ಲಿ ಮತ್ತೊಬ್ಬರು ಮಲಗುವವರೇ. ಮಂಗಳವಾರ, ಶುಕ್ರವಾರ. ಹೆಸರಿನ ಚೀಟಿ. ಸಿಟ್ಟು ಇನ್ನೂ ಎದೆಯಲ್ಲೇ ಇತ್ತು. ಅದನ್ನು ಇಳಿಸಿಡಬೇಕಾದ ಜಾಗ ಮಾತ್ರ ಇಲ್ಲವಾಗಿತ್ತು.

ಬೈರಿಗೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಏನೋ ಮೆಲ್ಲಗೆ ಉಸಿರಾಡಿದ ಸದ್ದು ಕೇಳಿತು.

ಕೋಣೆಯ ಗೋಡೆಯ ಮೇಲೆ ಬಿಳಿ ಪೆಟ್ಟಿಗೆ ಕೂತಿತ್ತು. ಹಿಬಿನೋ ಏಣಿಯ ಮೇಲಿದ್ದ. ಕೆಳಗೆ ಚಾಪೆಯ ಮೇಲೆ ಕಿಯೋಹರು ಪತ್ರಿಕೆಯ ಹಾಳೆಗಳನ್ನು ಅಂಚಿಗಂಚು ಸೇರಿಸಿ, ಒಬ್ಬರು ಮಲಗುವ ಮಂಚದಷ್ಟು ಉದ್ದಕ್ಕೆ ಹಾಸಿದ್ದ. ಈಗ ಅದರ ಕಾಲಿನ ಕಡೆ ನಿಂತಿದ್ದ, ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು.

"ಹೇಳಿ ಯಜಮಾನ್ರೇ, ಗಾಳಿ ಎಲ್ಲಿಗೆ ಬೀಳ್ಬೇಕು? ಹಾಸಿಗೆ ಮೇಲಾ?" ಎಂದು ಹಿಬಿನೋ ಕೇಳಿದ.

"ಬೇಡ. ಮಲಗಿದವರಿಗೆ ಬೇಡ," ಎಂದ ಕಿಯೋಹರು. ಹೆಂಡತಿ ಹಿಂದೆ ಬಂದು ನಿಂತದ್ದು ಅವನಿಗೆ ತಿಳಿದಿರಲಿಲ್ಲ. "ಪಕ್ಕದಲ್ಲಿ ಕೂತ್ಕೊಂಡಿರ್ತಾರಲ್ಲ, ಅವರಿಗೆ. ಇಲ್ಲಿ. ಬೆವರ್ತಾರೆ."

"ಇಲ್ಲಿ ಅಂದ್ರೆ ಎಷ್ಟು ಎತ್ತರಕ್ಕೆ? ಯಾರಾದ್ರೂ ಕೂತ್ರೆ ಗೊತ್ತಾಗುತ್ತೆ."

ನೊಬುಕೋ ಗಂಡನನ್ನು ದಾಟಿ ಒಳಗೆ ಹೋದಳು. ಪತ್ರಿಕೆಗಳ ಪಕ್ಕದಲ್ಲಿ, ತಲೆದಿಂಬು ಬರಬಹುದಾದ ಕಡೆಗೆ, ಮೊಣಕಾಲು ಮಡಿಸಿ ಕೂತಳು. ಕಿಯೋಹರು ಅವಳ ಮುಖವನ್ನೇ ನೋಡಿದ, ಆಮೇಲೆ ಪಡಸಾಲೆಯ ಕಡೆ, ಫೋನಿದ್ದ ಕಡೆ.

"ತಲುಪ್ತಿದೆಯಾ ಅಮ್ಮಾವ್ರೇ?"

ತಂಪು ಅವಳ ನೆತ್ತಿಯ ಮೇಲಿನಿಂದಲೇ ಹಾದು ಎದುರಿನ ಕಾಗದದ ಬಾಗಿಲಿಗೆ ತಾಗುತ್ತಿತ್ತು.

"ಇಲ್ಲ," ಎಂದಳು. "ಇನ್ನೂ ಸ್ವಲ್ಪ ಕೆಳಗೆ."

ಹಿಬಿನೋ ಬೆರಳಿನಿಂದ ಪೆಟ್ಟಿಗೆಯ ಬಾಯಿಯ ಪಟ್ಟಿಯನ್ನು ಬಾಗಿಸಿದ. ಗಾಳಿ ಇಳಿಯಿತು, ಕತ್ತಿಗೆ, ಕಿವಿಯ ಹಿಂದಿನ ಒದ್ದೆ ಕೂದಲಿಗೆ ಬಂತು. ಪಕ್ಕದ ಪತ್ರಿಕೆಯ ಒಂದು ಹಾಳೆ ಅಂಚಿನಿಂದ ಎದ್ದು ಪಟಪಟ ಹೊಡೆದುಕೊಳ್ಳತೊಡಗಿತು. ನೊಬುಕೋ ಅದು ಹಾರಿಹೋಗದ ಹಾಗೆ ಅದರ ಮೇಲೆ ಅಂಗೈ ಊರಿ ಕೂತಳು.