ಏರಿನಲ್ಲಿ ನಿಂತ ಗಾಡಿ

ಮತ್ತೊಂದು ಕಿಕ್ ಬಿತ್ತು. ಗಾಡಿ ಗಂಟಲು ಸರಿಮಾಡಿಕೊಂಡಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಒಳಗೆ ಬಾಗಿಲ ಪಕ್ಕದಲ್ಲೇ, ಬೆಂಚಿನ ಮೇಲೆ, ಅವಳ ಗಂಡನನ್ನು ಮಲಗಿಸಿದ್ದರು. ಹೊರಗೆ ಅಂಗಳದಲ್ಲಿ ಅವನ ಗಾಡಿಯನ್ನು ಸೂಪರ್‌ವೈಸರ್ ಒದೆಯುತ್ತಿದ್ದ. ಕಂಪನಿಯ ಗಾಡಿ, ಕಂಪನಿಯ ಮನುಷ್ಯ. ಬೇಡ ಎನ್ನಲು ಯಾರಿಗೂ ಬಾಯಿರಲಿಲ್ಲ. ಹೆಣ ಎತ್ತುವವರೆಗಾದರೂ ತಾಳಬಾರದೇ ಎಂದು ಅತ್ತೆ ಕೇಳಿದ್ದಕ್ಕೆ, "ನಾಳೆ ಇನ್ಶೂರೆನ್ಸಿನವರು ಗಾಡಿ ನೋಡೋಕೆ ಬರ್ತಾರಮ್ಮ. ಇವತ್ತೇ ತಂದು ನಿಲ್ಲಿಸು ಅಂತ ಮೇಲಿನವರ ಮಾತು. ನಾನೂ ಕೂಲಿಯವನೇ ತಾನೆ," ಎಂದಿದ್ದ.

"ಬೂಟು ಪಾಲಿಶ್ ಮಾಡ್ಕೊಂಡು ಬರೋ ಕೂಲಿಯವನನ್ನ ಇವತ್ತೇ ನೋಡಿದ್ದು," ಅತ್ತೆ ಗೊಣಗಿದಳು.

ಅವಳು ಗಂಡನ ಕಾಲ ಬಳಿ ಕೂತು ಕಿಕ್ಕಿನ ಸದ್ದನ್ನೇ ಆಲಿಸುತ್ತಿದ್ದಳು. ಗಾಡಿ ಕೆಮ್ಮಿ ಸತ್ತಾಗಲೆಲ್ಲ ಅವಳ ಎದೆಯಲ್ಲಿ ಒಂದಿಷ್ಟು ಗಾಳಿಯಾಡುತ್ತಿತ್ತು. ಹೊರಡಬೇಡ ಮಾರಾಯ, ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳುತ್ತಿದ್ದಳು. ಇಷ್ಟು ವರ್ಷ ಅವರನ್ನು ಕಾಡಿದ್ದೀಯ. ಇವತ್ತೊಂದು ದಿನ ಅವರ ಕಡೆ ನಿಲ್ಲು.

ಮೊನ್ನೆ ಮಧ್ಯಾಹ್ನ, ತುಂಬಿದ ಗ್ಯಾಸ್ ಸಿಲಿಂಡರುಗಳನ್ನು ಎರಡೂ ಕಡೆ ನೇತುಹಾಕಿದ್ದ ಆ ಗಾಡಿಯನ್ನು ಆಸ್ಪತ್ರೆಯ ಏರಿನಲ್ಲಿ ತಳ್ಳಿಕೊಂಡು ಹೋಗುತ್ತಿದ್ದವನು ಅಲ್ಲೇ ಕುಸಿದಿದ್ದ. ಎದೆಬಡಿತ ನಿಂತಿತ್ತು. ಜೊತೆಯವರು ಗಾಡಿಯನ್ನು ಮನೆಯಂಗಳಕ್ಕೆ ತಂದು ಬಿಟ್ಟಿದ್ದರು. ಗಾಡಿಯನ್ನು ಯಾಕೆ ತಳ್ಳುತ್ತಿದ್ದ? ಕಂಪನಿಯ ಬಳಿ ಉತ್ತರ ತಯಾರಿತ್ತು. ಗಾಡಿ ಚೆನ್ನಾಗಿಯೇ ಇತ್ತಂತೆ. ಕಂಪನಿ ದಿನವೂ ಅಳೆದು ಹಾಕುವ ಪೆಟ್ರೋಲನ್ನು ಉಳಿಸಿ, ಸಂಜೆ ಹೊರಗೆ ಮಾರಿಕೊಳ್ಳಲು, ಇಂಜಿನ್ ಆರಿಸಿ ತಳ್ಳುತ್ತಿದ್ದನಂತೆ. ಆಸ್ಪತ್ರೆಯ ವರಾಂಡದಲ್ಲಿ ಸೂಪರ್‌ವೈಸರ್ ಈ ಮಾತನ್ನು ಅವಳ ಮುಖ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದ್ದ. "ನಾನೂ ಮೊದಲು ಅದೇ ಗಾಡೀಲಿ ಸಿಲಿಂಡರ್ ಹೊತ್ತವನಮ್ಮ. ಒಂದು ದಿನಾನೂ ಕೈ ಕೊಟ್ಟಿಲ್ಲ."

ಬದುಕಿದ್ದಷ್ಟು ದಿನ ಭಾರ ಹೊರಿಸಿದವರು ಈಗ ಕಳ್ಳತನವನ್ನೂ ಹೊರಿಸಿ ಮಣ್ಣಿಗೆ ಕಳಿಸುತ್ತಿದ್ದರು. ಅದು ಸುಳ್ಳೆಂದು ಹೇಳಬಲ್ಲ ಸಾಕ್ಷಿ ಒಂದೇ ಒಂದು. ಅದು ಅಂಗಳದಲ್ಲಿ ಒದೆ ತಿನ್ನುತ್ತ ಹಟ ಹಿಡಿದು ನಿಂತಿತ್ತು.

*

ಜೊತೆಯವರು ಅವನನ್ನು ನಿಧಾನಣ್ಣ ಎಂದು ಕರೆಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದವನೇ ಅಲ್ಲ.

"ಇವತ್ತೂ ನಿಂತಿತಾ?" ಅವಳು ಒಂದು ಸಂಜೆ ಕೇಳಿದ್ದಳು.

"ನಿಲ್ಲದೆ? ಬೆಳಿಗ್ಗೆ ತವರಿಗೆ ಹೊರಟವಳ ಹಾಗೆ ಹೊರಡುತ್ತೆ. ಮೈ ಬಿಸಿಯಾಯಿತೋ, ಏರಿನ ಮಧ್ಯದಲ್ಲಿ ಮುನಿಸ್ಕೊಂಡು ಕೂತುಬಿಡುತ್ತೆ. ತಣ್ಣಗಾದ ಮೇಲೆ ಮತ್ತೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತೆ. ಅಷ್ಟು ಹೊತ್ತು ಕಾಯೋಕೆ ಗ್ಯಾಸ್ ಬುಕ್ ಮಾಡಿರೋರು ಬಿಡ್ಬೇಕಲ್ಲ. ತಳ್ತೀನಿ."

"ಆಫೀಸಿನಲ್ಲಿ ಹೇಳಿದ್ರಾ?"

"ಹೇಳಿದೆ. ಎಲ್ಲಿ ತೋರಿಸು ಅಂದರು. ತಣ್ಣಗೆ ನಿಂತಿತ್ತಲ್ಲ, ಒಂದೇ ಏಟಿಗೆ ಹೊರಟಿತು. ಸಾಹೇಬರ ಮುಂದೆ ಗಾಡಿಗೂ ಭಯ."

ಇಬ್ಬರಿಗೂ ನಗು ಬಂದಿತ್ತು. "ಬೇರೆ ಗಾಡಿ ಕೊಡಿ ಅಂತ ಕೇಳಿ," ಎಂದಿದ್ದಳು.

"ಕೇಳಿದರೆ ಗಾಡಿ ಬದಲಾಗಲ್ಲ ಕಣೇ. ಆಳು ಬದಲಾಗ್ತಾನೆ."

ಅಂದು ತಟ್ಟೆಯ ಮುಂದೆಯೇ ನಿದ್ದೆ ಹೋಗಿದ್ದ. ಕೈ ತೊಳೆಸಿ ಮಲಗಿಸುವಾಗ, ಹ್ಯಾಂಡಲಿನ ಗೆರೆಗಳು ಅಂಗೈಯಲ್ಲಿ ಅಚ್ಚೊತ್ತಿರುವುದನ್ನು ಅವಳು ನೋಡಿದ್ದಳು.

*

"ಹೀಗೆ ಒದ್ದರೆ ಹೋಗೋದು ಗಾಡಿ ಅಲ್ಲ, ನಿಮ್ಮ ಮೊಣಕಾಲು."

ಬೀದಿಯ ತುದಿಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ದಪ್ಪ ಮೆಕ್ಯಾನಿಕ್‌ನ ದನಿ. ಗಂಡನ ಜೀವದ ಗೆಳೆಯ. ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡು ಗೋಡೆಗೊರಗಿ ಕೂತಿದ್ದವನು ಈಗ ಎದ್ದಿದ್ದ. ಕಂಪನಿಯ ಗಾಡಿಗೆ ಹೊರಗಿನವರ ಕೈ ತಾಗಿದರೆ ಕೆಲಸ ಹೋಗುತ್ತದೆಂದು ನಿಧಾನಣ್ಣ ಒಂದು ದಿನವೂ ಅದನ್ನು ಅವನ ಶೆಡ್ಡಿಗೆ ತಂದಿರಲಿಲ್ಲ.

"ನೀನೇ ಒಂದು ಸ್ವಲ್ಪ ನೋಡಪ್ಪ," ಎಂದ ಸೂಪರ್‌ವೈಸರ್. ಅಷ್ಟು ಸಾಕಾಯಿತು.

ಅಂಗಳದಲ್ಲಿ ಅಲ್ಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಜೊತೆಯ ಸಿಲಿಂಡರ್ ಹೊರುವವರೆಲ್ಲ ಗಾಡಿಯ ಸುತ್ತ ಮುತ್ತಿದರು. ಮೆಕ್ಯಾನಿಕ್ ಟ್ಯಾಂಕಿಗೆ ಕಿವಿಯಿಟ್ಟು ಗಾಡಿ ಅಲುಗಿಸಿದ. "ಪೆಟ್ರೋಲಿದೆ. ಅರ್ಧ ಟ್ಯಾಂಕ್ ಆದ್ರೂ ಇದೆ."

"ಕೇಳಿಸ್ಕೊಂಡ್ರಲ್ಲ," ಎಂದ ಸೂಪರ್‌ವೈಸರ್. "ಉಳಿಸಿದ್ದು."

ಯಾರ ಕಿವಿಗೂ ಆ ಮಾತು ಇಳಿಯಲಿಲ್ಲ. ಅವರ ಮನಸ್ಸು ಆಗಲೇ ಇಂಜಿನ್ನಿನೊಳಗಿತ್ತು.

"ಕಾರ್ಬುರೇಟರಿಗೆ ನೀರು ಹೋಗಿರಬೇಕು. ಮೊನ್ನೆಯಿಂದ ಹೊರಗೇ ನಿಂತಿದೆ."

"ನೀರು ಹೋಗಿರೋದು ನಿನ್ನ ತಲೆಗೆ. ಮೊದಲು ಪ್ಲಗ್ ಬಿಚ್ಚಲಿ."

ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. "ಸಾರ್ ಒದ್ದೂ ಒದ್ದೂ ಪೆಟ್ರೋಲಿನಲ್ಲಿ ಮುಳುಗಿಸಿಬಿಟ್ಟಿದ್ದಾರೆ. ಮಸಿ ಬೇರೆ. ಒಲೆಯೊಳಗಿಂದ ತೆಗೆದ ಹಾಗಿದೆ." ಅದನ್ನು ತಂತಿಗೆ ಸಿಕ್ಕಿಸಿ ಇಂಜಿನ್ನಿಗೆ ತಾಗಿಸಿದ. "ಯಾರಾದ್ರೂ ಒಂದು ಕಿಕ್ ಹೊಡೀರಿ. ಕಿಡಿ ಬಂತಾ?"

"ಬಂತು. ಬಡವರ ಮನೆ ದೀಪದ ಹಾಗೆ ಬಂತು."

"ಬಂತಲ್ಲ, ಬಿಡು. ಪ್ಲಗ್ ಉಜ್ಜಿದರೆ ದೀಪ ಜೋರಾಗುತ್ತೆ," ಎಂದ ಮೆಕ್ಯಾನಿಕ್.

ಮರಳುಕಾಗದದಿಂದ ಉಜ್ಜುವ ಸದ್ದು ಕೇಳಿದಾಗ ಒಳಗೆ ಅವಳಿಗೆ ದಿಗಿಲಾಯಿತು. ಇವರೆಲ್ಲ ಏನು ಮಾಡುತ್ತಿದ್ದಾರೆಂದು ಇವರಿಗೇ ತಿಳಿದಿಲ್ಲ. ಎದ್ದಳು. ಬೆಳಗಿನಿಂದ ಕೂತ ಕಾಲು ಜೋಮು ಹಿಡಿದಿತ್ತು. ಬಾಗಿಲ ಚೌಕಟ್ಟು ಹಿಡಿದು "ಅಣ್ಣ, ಬೇಡ" ಎನ್ನುವಷ್ಟರಲ್ಲಿ ಗಾಡಿ ಗುರ್ರೆಂದು ಹೊತ್ತಿಕೊಂಡಿತು.

ಒಬ್ಬ ಚಪ್ಪಾಳೆ ತಟ್ಟಿಯೇಬಿಟ್ಟ. ಆಮೇಲೆ ಒಳಗೆ ಯಾರು ಮಲಗಿದ್ದಾರೆಂಬುದು ನೆನಪಾಗಿ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಎಲ್ಲರೂ ನೋಡಿದ್ರಲ್ಲ," ಸೂಪರ್‌ವೈಸರ್ ಮೆಲ್ಲಗೆ ಹೇಳಿದ. ಗೆದ್ದವನ ದನಿಯಲ್ಲ, ಕೆಲಸ ಮುಗಿಸಿ ದಣಿದವನ ದನಿ. "ಪ್ಲಗ್ ಒರೆಸಿದ್ರೆ ಓಡೋ ಗಾಡಿ. ದೋಷ ಏನೂ ಇಲ್ಲ."

ಆಗ ಹೊಳೆಯಿತು ಮೆಕ್ಯಾನಿಕ್‌ಗೆ. ಕೈಯಲ್ಲಿದ್ದ ಮರಳುಕಾಗದ ಕೆಳಗೆ ಬಿತ್ತು. "ತಂಗಿ," ಎಂದು ಅವಳ ಕಡೆ ತಿರುಗಿದ. "ನಾನು... ಕೈ ಸುಮ್ಮನಿರಲಿಲ್ಲಮ್ಮ."

ಅವಳಿಗೆ ಬೈಯಲೂ ಆಗಲಿಲ್ಲ. ಕೆಟ್ಟು ನಿಂತ ಗಾಡಿ ಕಂಡರೆ ಕೈ ಕಟ್ಟಿ ನಿಲ್ಲಲಾರದ ಜನ. ಇವರ ಈ ಒಳ್ಳೆಯತನದ ಮೇಲೆಯೇ ಕಂಪನಿ ಗುಜರಿಗೆ ಹಾಕಬೇಕಾದ ಗಾಡಿಗಳನ್ನು ಇಷ್ಟು ವರ್ಷ ಓಡಿಸಿಕೊಂಡು ಬಂದಿತ್ತು. ಇವತ್ತು ಅದೇ ಒಳ್ಳೆಯತನವನ್ನು ಇವರ ಗೆಳೆಯನ ಹೆಣದ ಮುಂದೆಯೂ ಬಳಸಿಕೊಂಡಿತ್ತು.

ಹೆಣ ಒಯ್ಯುವ ವ್ಯಾನು ಬಂದು ನಿಂತಿತು. ಕೆಲವರು ಹೆಣ ಎತ್ತಲು ಒಳಗೆ ಹೋದರು. ಸೂಪರ್‌ವೈಸರ್ ಗಾಡಿಯನ್ನು ಬೀದಿಯ ಕಡೆ ತಿರುಗಿಸಿಕೊಂಡ. ಅವಳು ಹೋಗಿ ಅದರ ಮುಂದೆ ನಿಂತಳು.

"ಆರಿಸಬೇಡಿ."

"ಏನಮ್ಮ?"

"ನಮ್ಮ ಯಜಮಾನರ ಹಿಂದೆ ಸ್ಮಶಾನದವರೆಗೆ ಬನ್ನಿ. ಇಷ್ಟು ವರ್ಷ ಇವರ ಕಾಲಾಗಿದ್ದ ಗಾಡಿ. ಅಷ್ಟು ದೂರ ಕಳಿಸಿಕೊಟ್ಟು ಆಮೇಲೆ ತಗೊಂಡು ಹೋಗಿ."

ಅವನು ಪೇಟೆಯಾಚೆ, ಸ್ಮಶಾನದ ದಾರಿಯಲ್ಲಿದ್ದ ಆಸ್ಪತ್ರೆಯ ಏರಿನ ಕಡೆ ಒಮ್ಮೆ ನೋಡಿದ. "ಆಫೀಸಿನಲ್ಲಿ ಕಾಯ್ತಿರ್ತಾರಮ್ಮ."

"ದೋಷ ಇಲ್ಲದ ಗಾಡಿ ತಾನೆ?"

ಸುತ್ತ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ಹೂಂ ಎನ್ನದೆ ದಾರಿಯಿರಲಿಲ್ಲ. ಅವಳು ಮೆಕ್ಯಾನಿಕ್ ಕಡೆ ತಿರುಗಿದಳು. "ಅಣ್ಣ, ನೀವು ಸಾಹೇಬರ ಹಿಂದೆ ಗಾಡೀಲಿ ಕೂತ್ಕೊಳ್ಳಿ." ಅವನಿಗೆ ಅರ್ಥವಾಗಲಿಲ್ಲ. ಆದರೂ, ಹೇಳಿದಷ್ಟು ಮಾಡಿದರೆ ಪಾಪ ಕಳೆದೀತೆಂಬಂತೆ, ಹೋಗಿ ಕೂತ. ಅವನ ಭಾರಕ್ಕೆ ಗಾಡಿಯ ಹಿಂಭಾಗ ಕುಗ್ಗಿತು.

*

ವ್ಯಾನಿನ ಹಿಂಬಾಗಿಲು ತೆರೆದೇ ಇತ್ತು. ಗಂಡನ ಪಕ್ಕದಲ್ಲಿ ಕೂತು ಅವಳು ಹಿಂದೆ ಬರುವ ಗಾಡಿಯನ್ನೇ ನೋಡುತ್ತಿದ್ದಳು. ನಡೆದು ಬರುವವರಿಗಾಗಿ ವ್ಯಾನು ಕುಂಟುತ್ತ ಸಾಗುತ್ತಿತ್ತು. ಗಾಡಿಯೂ ಮೊದಲ ಗೇರಿನಲ್ಲೇ ನರಳುತ್ತ ಬರುತ್ತಿತ್ತು. ನೆತ್ತಿಯ ಮೇಲೆ ಬಿಸಿಲು. ಪೇಟೆ ದಾಟಿತು. ಏರು ಶುರುವಾಯಿತು. ಗಾಡಿ ಏರುತ್ತಲೇ ಇತ್ತು. ಆಸ್ಪತ್ರೆಯ ಗೇಟು ಬಂತು, ಹಿಂದಾಯಿತು. ಗಾಡಿ ನಿಲ್ಲಲಿಲ್ಲ. ಅವಳು ಗಂಡನ ಮುಖ ನೋಡಿದಳು. ಹಾಗಾದರೆ ನೀವು ನನಗೂ ಸುಳ್ಳು ಹೇಳಿದಿರಾ ಎಂಬ ಮಾತು ನಾಲಗೆಯ ತುದಿಗೆ ಬಂದು, ನಾಚಿ ಒಳಗೆ ಹೋಯಿತು.

ಆಗ ಸದ್ದು ಒಮ್ಮೆ ಮುಗ್ಗರಿಸಿತು. ಮತ್ತೊಮ್ಮೆ. ಆಮೇಲೆ ವ್ಯಾನಿನ ಮತ್ತು ಚಪ್ಪಲಿಗಳ ಸದ್ದಷ್ಟೇ ಉಳಿಯಿತು.

"ನಿಲ್ಲಿಸಿ," ಎಂದಳು ಡ್ರೈವರಿಗೆ.

ಕೆಳಗಿಳಿದು ನಿಂತಳು. ನಡೆದು ಬರುತ್ತಿದ್ದವರೂ ನಿಂತರು. ಮೆಕ್ಯಾನಿಕ್ ಇಳಿದವನೇ ಪ್ಲಗ್ಗಿನ ಕಡೆ ಬಗ್ಗಿದ. ಅವಳು ಹೋಗಿ ಅವನ ಮುಂಗೈ ಹಿಡಿದುಕೊಂಡಳು. "ಬಿಡಿ ಅಣ್ಣ. ಅವರೇ ನೋಡಲಿ."

ಸೂಪರ್‌ವೈಸರ್ ಕಿಕ್ ಹೊಡೆದ. ಹೊಡೆದೇ ಹೊಡೆದ. ಹಿಂದೆ ಲಾರಿಯೊಂದು ಹಾರ್ನ್ ಒತ್ತಿ ಹಿಡಿಯಿತು. ಬೆವರು ಕಣ್ಣಿಗಿಳಿಯಿತು. ಜನ, ಹೆಣ, ನಾಳೆ ಬರುವವರು, ಎಲ್ಲವೂ ಅವನ ತಲೆಯಿಂದ ಜಾರಿಹೋದಂತಿತ್ತು. ಎದುರಿಗಿದ್ದುದು ಏರಿನಲ್ಲಿ ನಿಂತ ಗಾಡಿ ಮಾತ್ರ. ಪೆಟ್ರೋಲ್ ಇದೆಯೇ ಎಂದು ನೋಡಲಿಲ್ಲ. ಪ್ಲಗ್ ಮುಟ್ಟಲಿಲ್ಲ. ಜೇಬಿನಿಂದ ಕರವಸ್ತ್ರ ಎಳೆದು, "ನೀರು," ಎಂದು ಯಾರ ಕಡೆಗೂ ನೋಡದೆ ಕೈಚಾಚಿದ. ಯಾರೋ ಬಾಟಲಿ ಕೊಟ್ಟರು. ಬಟ್ಟೆ ನೆನೆಸಿ, ಕತ್ತಲಲ್ಲೂ ಸ್ವಂತ ಮನೆಯ ಸ್ವಿಚ್ಚು ಹುಡುಕಬಲ್ಲವನ ಹಾಗೆ ಟ್ಯಾಂಕಿನ ಅಡಿಗೆ ಕೈ ತೂರಿಸಿದ. ಕಿಡಿ ಹುಟ್ಟಿಸುವ, ಹಳತಾದರೆ ಕಾದೊಡನೆ ಕಿಡಿ ಕೊಡದ ಕಾಯಿಲ್ ಅಲ್ಲಿತ್ತು. ಬಟ್ಟೆ ತಾಗಿದೊಡನೆ ಚುಸ್ಸೆಂದು ಆವಿಯೆದ್ದಿತು.

"ಕಾದ ಕಾಯಿಲ್ಲಿಗೆ ಒದ್ದೆ ಬಟ್ಟೆ," ಎಂದ ಮೆಕ್ಯಾನಿಕ್, ತನಗೆ ತಾನೇ ಹೇಳಿಕೊಂಡಂತೆ. ಬಳಿಕ ಸ್ವಲ್ಪ ಗಟ್ಟಿಯಾಗಿ, "ದೋಷ ಇಲ್ಲದ ಗಾಡಿಗೆ ಈ ಮದ್ದು ಯಾವಾಗ ಕಲಿತ್ರಿ ಸಾರ್?"

ಲಾರಿಯ ಹಾರ್ನ್ ನಿಂತಿತ್ತು. ಸೂಪರ್‌ವೈಸರ್ ತಲೆಯೆತ್ತಿದ. ಗೋಡೆಯಿರಲಿಲ್ಲ, ಅವಳ ಮುಖವಿತ್ತು. ಅವನ ಕೈ ಟ್ಯಾಂಕಿನ ಅಡಿಯಲ್ಲೇ ಇತ್ತು. ಬಟ್ಟೆಯಿಂದ ಇಳಿದ ಕಪ್ಪು ನೀರು ಅವನ ಮೊಣಕೈವರೆಗೆ ಹರಿದು, ತೊಟ್ಟಿಕ್ಕಿ, ಬಿದ್ದಲ್ಲೇ ಆರುತ್ತಿತ್ತು.